ತವರಿನ ಸೀರೆ, ಜರ್ಮನ್ ಕಾರು

ಎರಡು ವರ್ಷದ ಹಿಂದಿನ ಕಾರ್ತಿಕ ಮಾಸ, ಒಂದು ಭಾನುವಾರ. ನನ್ನ ಜರ್ಮನ್ ಕಾರಿಗೆ ಪೂಜೆ ಮಾಡಿಸಿದ ದಿನ. ನನ್ನ ಸೋದರತ್ತೆ ತೀರಿಕೊಂಡ ದಿನವೂ ಅದೇ. ಕಾರು ತಗೊಂಡು ಎಷ್ಟು ದಿನವಾಯಿತು ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಲೆಕ್ಕ ಹಾಕುವುದು ಅತ್ತೆ ಹೋದ ದಿನದಿಂದಲೇ.

ನಾನು ಸೋಲೂರಿನ ಕಡೆಯವನು. ಎಳನೀರು, ತೆಂಗಿನಕಾಯಿ ವ್ಯಾಪಾರ. ಹದಿನೈದು ವರ್ಷ ಲೋಡಿನ ಜೊತೆ ಬೆಂಗಳೂರಿಗೆ ಓಡಾಡಿದವನು. ಸಿಗ್ನಲ್ಲಿನಲ್ಲಿ ನನ್ನ ಟೆಂಪೋ ಗಡಗಡ ನಡುಗುತ್ತಾ ನಿಂತಾಗ ಪಕ್ಕದಲ್ಲಿ ಸದ್ದೇ ಇಲ್ಲದೆ ನಿಲ್ಲುವ ಆ ಉದ್ದನೆಯ ಜರ್ಮನ್ ಕಾರುಗಳನ್ನು ನೋಡಿ ನೋಡಿ ಆಸೆ ಹತ್ತಿತ್ತು. ಹೊಸದು ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಬೆಂಗಳೂರಿನ ಡಾಕ್ಟರೊಬ್ಬರು ಇಟ್ಟುಕೊಂಡಿದ್ದ, ಕಡುನೀಲಿ ಬಣ್ಣದ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ಸಿಕ್ಕಿತು. ಅದರ ಬಾಗಿಲು ಹಾಕಿದರೆ 'ದಬ್' ಅನ್ನುವುದಿಲ್ಲ, ಮೆತ್ತಗೆ ಮುಚ್ಚಿಕೊಳ್ಳುತ್ತದೆ. ಆ ಸದ್ದಿಗೇ ನಾನು ಸೋತೆ. ನನ್ನ ಹೆಂಡತಿ ಪದ್ಮ, "ಬಾಗ್ಲು ಹಾಕೋ ಸದ್ದಿಗೆ ಇಷ್ಟು ದುಡ್ಡು ಕೊಟ್ರಾ?" ಎಂದು ತಲೆ ಚಚ್ಚಿಕೊಂಡಳು. ಊರಿನವರಂತೂ, "ಲೇ ನಂಜುಂಡ, ಡಿಕ್ಕೀಲಿ ಎಷ್ಟು ಗೊನೆ ಇಡಿಸ್ತದ್ಲಾ?" ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಹೊಟ್ಟೆಕಿಚ್ಚು.

ಈ ಕಾರಿಗೆ ಕೀ ಹಾಕಿ ತಿರುಗಿಸುವ ಹಾಗಿಲ್ಲ. ಕೀ ನಮ್ಮ ಜೇಬಿನಲ್ಲೋ ಹತ್ತಿರದಲ್ಲೋ ಇದ್ದರೆ ಸಾಕು, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಎರಡನೇ ಕೀಯನ್ನು ಮುಂದಿನ ವಾರ ಕೊಡುತ್ತೇನೆ ಎಂದು ಗಾಡಿ ಕೊಡಿಸಿದ ದಲ್ಲಾಳಿ ಹೇಳಿದ್ದ. ಗಾಡಿ ಕೈಗೆ ಬಂದ ಸಂಭ್ರಮದಲ್ಲಿ ನಾನೂ ಹೂಂ ಅಂದಿದ್ದೆ.

ಭಾನುವಾರ ನಮ್ಮೂರ ಆಂಜನೇಯನ ಗುಡಿ ಮುಂದೆ ಕಾರಿಗೆ ಹೂವಿನ ಹಾರ ಹಾಕಿ ನಿಲ್ಲಿಸಿದೆವು. ನಾನು, ಪದ್ಮ, ಎಂಬತ್ತರ ಹತ್ತಿರ ಬಂದಿರುವ ನಮ್ಮಪ್ಪ. ಪೂಜಾರಪ್ಪ ಇನ್ನೊಂದು ಊರಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನವೇ ಆಗಿಹೋಯಿತು. ಅವರು ನನ್ನ ಕೈಯಿಂದ ಕೀ ತೆಗೆದುಕೊಂಡು ದೇವರ ಪಾದದ ಹತ್ತಿರ ಇಟ್ಟು ಅರ್ಚನೆ ಮಾಡಿದರು. ಆಮೇಲೆ ಹೂವಿನ ಜೊತೆ ಅದನ್ನೂ ಆರತಿ ತಟ್ಟೆಯಲ್ಲಿ ಇಟ್ಟುಕೊಂಡು ಹೊರಗೆ ಬಂದರು. ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, "ಸ್ಟಾರ್ಟ್ ಮಾಡಿ ಮುಂದಕ್ಕೆ ಬುಡಪ್ಪ" ಅಂದರು. ತಟ್ಟೆ ಹಿಡಿದು ಅವರು ನನ್ನ ಕಿಟಕಿ ಪಕ್ಕದಲ್ಲೇ ನಿಂತಿದ್ದರು. ಕೀ ಅಷ್ಟು ಹತ್ತಿರ ಇದ್ದದ್ದರಿಂದ ಗುಂಡಿ ಒತ್ತಿದ ಕೂಡಲೇ ಗಾಡಿ ಸ್ಟಾರ್ಟ್ ಆಯಿತು. ನಾಲ್ಕು ನಿಂಬೆಹಣ್ಣೂ ಚಪ್ಪಟೆಯಾದವು.

ಆಗಲೇ ಪದ್ಮಳಿಗೆ ಫೋನ್ ಬಂದದ್ದು. ಮಾತಾಡುತ್ತಾ ಆಡುತ್ತಾ ಅವಳ ಮುಖ ಇಳಿದುಹೋಯಿತು. ಅಪ್ಪನ ಕಡೆ ನೋಡಿ, "ಮಾವ, ಪುಟ್ಟತ್ತೆ ಹೋಗ್ಬುಟ್ರಂತೆ" ಅಂದಳು.

ಪುಟ್ಟತ್ತೆ ಅಂದರೆ ಅಪ್ಪನ ಒಬ್ಬಳೇ ತಂಗಿ. ಕನಕಪುರದ ಆಚೆ ಒಂದು ಹಳ್ಳಿಗೆ ಕೊಟ್ಟಿತ್ತು. ಅವ್ವ ಇಲ್ಲದ ಮನೆಯಲ್ಲಿ ಬೆಳೆದ ಹುಡುಗಿ. ಅವಳಿಗೆ ತಲೆ ಬಾಚಿ ಜಡೆ ಹಾಕುತ್ತಿದ್ದದ್ದು ಅಪ್ಪನೇ ಅಂತೆ. ಅವಳು ತೀರಿಕೊಂಡದ್ದು ಬೆಳಗ್ಗೆಯೇ. ಅಪ್ಪನ ಫೋನ್ ಮನೆಯಲ್ಲಿತ್ತು, ನನ್ನದರ ಸದ್ದನ್ನು ಪೂಜೆಗೆಂದು ನಿಲ್ಲಿಸಿದ್ದೆ. ಅತ್ತೆ ಮಗ ಸ್ವಾಮಿ ಮಾಡಿದ ಕರೆಗಳೆಲ್ಲ ಹಾಗೇ ಹೋಗಿದ್ದವು. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಎತ್ತಬೇಕೆಂದು ಅಲ್ಲಿಯ ಹಿರಿಯರು ಹೇಳಿದ್ದಾರೆ, ಬೇಗ ಬನ್ನಿ ಎಂದು ಅವನು ಅಳುತ್ತಾ ಹೇಳಿದನಂತೆ.

ನಮ್ಮ ಕಡೆ ಮುತ್ತೈದೆ ಹೋದರೆ ತವರಿನಿಂದ ಸೀರೆ, ಅರಿಶಿನ, ಕುಂಕುಮ, ಬಳೆ, ಹೂವು ಬರಬೇಕು. ಅದನ್ನು ಉಡಿಸಿಯೇ ಕಳಿಸುವುದು. ತರಬೇಕಾದವನು ಅಣ್ಣನೋ ತಮ್ಮನೋ. ಅವರು ಬರಲಿಲ್ಲ ಅಂದರೆ ತವರಿಲ್ಲದವಳ ಹಾಗೆ ಹೋದಳು ಎಂದು ಜನ ಆಡುತ್ತಾರೆ. ಜನದ ಮಾತು ಹಾಳಾಗಲಿ, ಆಗಲೇ ಒಂದೂವರೆ, ಅಪ್ಪನಿಗೆ ತಂಗಿಯ ಮುಖ ನೋಡಲು ಉಳಿದದ್ದು ಮೂರು ಗಂಟೆ ಹೊತ್ತು ಮಾತ್ರ.

"ಹೊಸ ಗಾಡಿ ಕಣಪ್ಪ, ಹೂವೂ ಬಾಡಿಲ್ಲ. ಮೊದಲ್ನೇ ಸಲನೇ ಸಾವಿನ ಮನೆಗಾ? ಬಸ್ಸಲ್ಲಿ ಹೋಗಿ" ಅಂದರು ಪೂಜಾರಪ್ಪ. ಪದ್ಮಳಿಗೂ ಅದೇ ಅಳುಕು. ಅಪ್ಪ ಸುಮ್ಮನೆ ಮುಂದಿನ ಬಾಗಿಲು ತೆಗೆದು ಕುಳಿತರು. "ನನ್ ತಂಗಿ ಮುಖ ನೋಡೋದು ಕೆಟ್ಟದ್ದೇನ್ಲಾ? ನಡಿ" ಅಂದರು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಸೂತಕದವರು ಗುಡಿ ಮುಂದೆ ನಿಲ್ಲುವ ಹಾಗಿಲ್ಲ. ಪೂಜಾರಪ್ಪನವರೂ ನಮ್ಮನ್ನು ಮುಟ್ಟುವ ಹಾಗಿಲ್ಲ. ಅವರು ರಾಮ ರಾಮ ಎನ್ನುತ್ತಾ ಹಿಂದಕ್ಕೆ ಸರಿದು, ತಟ್ಟೆಯ ಸಮೇತ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಪದ್ಮ ಮನೆ ಕಡೆ ಹೊರಟಳು. ಸ್ಟಾರ್ಟ್ ಆಗಿಯೇ ಇದ್ದ ಗಾಡಿಯನ್ನು ನಾನು ಬಿಟ್ಟೆ.

ಸ್ವಲ್ಪ ದೂರ ಹೋಗುತ್ತಲೇ ಕಾರು ಕುಂಯ್ ಕುಂಯ್ ಅನ್ನತೊಡಗಿತು. ಎದುರಿನ ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಕೆಂಪಗೆ ಬಂತು. ನನಗೆ ಆ ಗಾಡಿಯ ಮಾತು ಇನ್ನೂ ಅಭ್ಯಾಸವಿರಲಿಲ್ಲ. ಅಪ್ಪ ಬೆಲ್ಟ್ ಹಾಕಿಲ್ಲ, ಅದಕ್ಕೇ ಬಡಕೊಳ್ಳುತ್ತಿದೆ ಅಂದುಕೊಂಡೆ. "ಅಪ್ಪೋ, ಬೆಲ್ಟ್ ಹಾಕ್ಕೊ" ಅಂದೆ. ಅಪ್ಪ ಹಾಕಿಕೊಂಡರು. ಸದ್ದು ನಿಂತಿತು. ನಾನು ಮತ್ತೆ ಪರದೆ ಕಡೆ ನೋಡಲೇ ಇಲ್ಲ.

ಮಾಗಡಿ ದಾಟಿದೆವು. ಕಾರೇನೋ ಗಾಳಿಯ ಹಾಗೆ ಹೋಗುತ್ತಿತ್ತು. ಎಷ್ಟು ಆಸೆ ಪಟ್ಟು ತಂದ ಗಾಡಿ, ಆ ಓಟ ನನ್ನ ಮೈಗೆ ಹತ್ತಲೇ ಇಲ್ಲ. ಕನಕಪುರದಲ್ಲೇ ಸೀರೆ ಕೊಳ್ಳೋಣ ಅಂದರೆ ಅಪ್ಪ ಒಪ್ಪಲಿಲ್ಲ. "ರಾಮನಗರದಾಗೇ ತಕಳಾನ. ರೇಸ್ಮೆನೇ ಆಗ್ಬೇಕು. ಮದ್ವೇಲಿ ಕೊಡಾಕಾಗಿರ್ಲಿಲ್ಲ" ಅಂದರು.

ರಾಮನಗರದಲ್ಲಿ ಒಂದು ಸೀರೆ ಅಂಗಡಿ ಮುಂದೆ ನಿಲ್ಲಿಸಿ, ಗಾಡಿ ಆಫ್ ಮಾಡಿ ಒಳಗೆ ಹೋದೆವು. ಅಪ್ಪ ಹಸಿರು ಸೀರೆಗಳನ್ನೇ ತೆಗೆಸಿ, ಒಂದೊಂದನ್ನೂ ಮುಟ್ಟಿ ನೋಡಿದರು. ಅಂಗಡಿ ಯಜಮಾನ, "ಮದುವೆಗಾ ತಾತ?" ಎಂದು ಕೇಳಿದ. ಅಪ್ಪ, "ಇಲ್ಲ ಕಣಪ್ಪ, ತಂಗಿ ಕಳ್ಸಿಕೊಡಾಕೆ" ಅಂದರು. ಅವನಿಗೆ ತಿಳಿಯಲಿಲ್ಲ. ನಾನು ಪಿಸುಮಾತಿನಲ್ಲಿ ಹೇಳಿದೆ. ಹೊಳೆಯುವ ಡಬ್ಬಿಯನ್ನು ಅವನು ಪಕ್ಕಕ್ಕೆ ಸರಿಸಿ, ಸೀರೆಯನ್ನು ಹಾಗೇ ಪೇಪರಿನಲ್ಲಿ ಸುತ್ತಿಕೊಟ್ಟ. ಪಕ್ಕದಲ್ಲೇ ಬಳೆ, ಅರಿಶಿನ, ಕುಂಕುಮ, ಹೂವು ಸಿಕ್ಕಿದವು.

ಕಾರಲ್ಲಿ ಕೂತು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಪರದೆ ಮೇಲೆ ಅದೇ ಕೆಂಪು ಅಕ್ಷರ. ಈ ಸಲ ಕೂಡಿಸಿ ಕೂಡಿಸಿ ಓದಿದೆ. ಕೀ ಇಲ್ಲ ಅನ್ನುತ್ತಿತ್ತು. ಜೇಬು ತಡಕಿದೆ, ಸೀಟಿನ ಕೆಳಗೆ ಕೈ ಹಾಕಿದೆ, ಬಳೆ, ಹೂವಿನ ಚೀಲ ಸುರುವಿದೆ. ಆಮೇಲೆ ನೆನಪಾಯಿತು. ಕೀ ಆಂಜನೇಯನ ಆರತಿ ತಟ್ಟೆಯಲ್ಲಿತ್ತು. ಒಂದು ಸಲ ಸ್ಟಾರ್ಟ್ ಆದ ಮೇಲೆ ಕೀ ದೂರವಾದರೂ ಆ ಗಾಡಿ ಓಡುತ್ತಲೇ ಇರುತ್ತದೆ, ಆಫ್ ಮಾಡಿದರೆ ಮತ್ತೆ ಏಳುವುದಿಲ್ಲ. ಅದು ನನಗೆ ಗೊತ್ತಾದದ್ದು ಆ ಬೀದಿಯಲ್ಲಿ.

ಪದ್ಮಳಿಗೆ ಫೋನ್ ಮಾಡಿದೆ. ಅವಳು ಗುಡಿಗೆ ಓಡಿ ನೋಡಿ, "ಬೀಗ ಹಾಕ್ಕೊಂಡು ಹೊಂಟೋಗವ್ರೆ. ಫೋನೂ ಎತ್ತಾ ಇಲ್ಲ" ಅಂದಳು. ಪೂಜಾರಪ್ಪ ಸಿಕ್ಕರೂ ಕೀ ರಾಮನಗರ ಮುಟ್ಟುವುದು ಯಾವ ಕಾಲಕ್ಕೆ? ಗಂಟೆ ಮೂರಾಗಿತ್ತು. ಆಟೋದವರನ್ನು ಕೇಳಿದೆ. ಅಷ್ಟು ದೂರ ಬಂದರೆ ವಾಪಸ್ಸು ಖಾಲಿ ಬರಬೇಕು, ಆಗಲ್ಲ ಅಂದರು. ಕನಕಪುರದ ಬಸ್ಸು ಆಗತಾನೇ ಹೋಗಿತ್ತು. ಆ ಕಡುನೀಲಿ ಕಾರಿಗೆ ಎರಡು ಒದೆಯೋಣ ಅನ್ನಿಸಿತು. ಅಪ್ಪ ಸೀರೆಯನ್ನು ಎದೆಗೆ ಒತ್ತಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಎದುರುಗಡೆ ಒಂದು ಲಗೇಜ್ ಆಟೋ ನಿಂತಿತ್ತು. ಅದರವನು ಟೀ ಕುಡಿಯುತ್ತಾ ನಮ್ಮನ್ನೇ ನೋಡುತ್ತಿದ್ದ. ನಲವತ್ತರ ವಯಸ್ಸು, ತಲೆಗೆ ಬಿಳಿ ಟೋಪಿ. ಅವನೇ ಹತ್ತಿರ ಬಂದು, "ಏನ್ ಸಾರ್, ಬ್ಯಾಟ್ರಿ ಹೋಯ್ತಾ?" ಅಂದ. ನಾನು ಹೇಳಿದೆ. ಕೀ ದೇವಸ್ಥಾನದಲ್ಲಿದೆ ಅಂದಾಗ ನಗಬಹುದು ಅಂದುಕೊಂಡಿದ್ದೆ, ನಗಲಿಲ್ಲ.

"ಯಜಮಾನ್ರಿಗೆ ಏನಾಗ್ಬೇಕು ಹೋದೋರು?"

"ತಂಗಿ. ಇವರು ಹೋಗೋದ್ರೊಳಗೆ ಮಣ್ಣು ಮಾಡ್ಬುಡ್ತಾರೆ."

ಅವನು ಲೋಟ ಕೆಳಗಿಟ್ಟ. "ಅರೆ, ಮತ್ತೆ ನಿಂತ್ಕೊಂಡು ಮಾತೇನು? ಹತ್ತಿ ಸಾರ್. ಯಜಮಾನ್ರೇ, ಮುಂದೆ ಕೂತ್ಕೊಳ್ಳಿ" ಅಂದ. ಹಿಂದೆ ಮೂಟೆಗಳಿದ್ದವು. ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಹುಳ, ಯಾವುದೋ ಮೇವಿನ ಫ್ಯಾಕ್ಟರಿಗೆ ಹೋಗಬೇಕಾದದ್ದು. ಮೂಟೆ ಇಳಿಸಲು ಹೊತ್ತಿಲ್ಲ, ಇರಲಿ ಅಂದ. ಹೆಸರು ರಿಯಾಜ್, ಮನೆಯಲ್ಲೇ ಸಣ್ಣದಾಗಿ ರೇಷ್ಮೆ ನೂಲು ತೆಗೆಯುವವನು. ಕೀ ಇಲ್ಲದ ಕಾರನ್ನು ಲಾಕ್ ಮಾಡಲೂ ಆಗುವುದಿಲ್ಲ. ಬಾಗಿಲು ಹಾಗೇ ಮುಚ್ಚಿದೆ. ಅಂಗಡಿ ಯಜಮಾನ, "ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ" ಅಂದ.

ಹುಳದ ಮೂಟೆಗಳ ಮೇಲೆ ಕೂತು ನಾನು ಹೋದೆ. ಆ ವಾಸನೆ ಗೊತ್ತಿರುವವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ರಿಯಾಜ್ ಆ ಗಾಡಿಯಿಂದ ಎಷ್ಟು ವೇಗ ತೆಗೆಯಬಹುದೋ ಅಷ್ಟೂ ತೆಗೆದ. ಹಂಪುಗಳ ಮೇಲೆ ನಾನು ಎಗರಿ ಬೀಳುತ್ತಿದ್ದೆ. ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಫೋನ್. ಸ್ವಾಮಿಗೆ ಮಾಡುತ್ತಲೇ ಇದ್ದೆ. "ಎತ್ಬ್ಯಾಡ್ರಪ್ಪ, ಬತ್ತಾ ಇದ್ದೀವಿ" ಎನ್ನುವುದಷ್ಟೇ ನನ್ನ ಮಾತು. ಕಾರು ಕೈಕೊಟ್ಟ ವಿಷಯ ಹೇಳಲು ಬಾಯಿ ಬರಲಿಲ್ಲ. ಕನಕಪುರ ದಾಟುವಾಗ ನಾಲ್ಕು ಗಂಟೆ ಹೊಡೆದಾಗಿತ್ತು.

ಅತ್ತೆಯ ಊರಿನ ತಿರುವಿನಲ್ಲಿ ಹತ್ತಾರು ಹುಡುಗರು ದಾರಿ ಕಾಯುತ್ತಾ ನಿಂತಿದ್ದರು. ನಮ್ಮ ಆಟೋ ಕಂಡದ್ದೇ ಕೈ ಅಡ್ಡ ಹಾಕಿದರು. "ಓಯ್, ಸೈಡಿಗಾಕು ಗಾಡಿನ! ತವರೋರ ಕಾರು ಬತ್ತಾ ಐತೆ, ದಾರಿ ಬುಡು!"

ಅವರು ಕಾಯುತ್ತಿದ್ದದ್ದು ಜರ್ಮನ್ ಕಾರನ್ನು. ಪೂಜೆಗೆ ಮುಂಚೆಯೇ ನಾನು ನೆಂಟರಿಗೆಲ್ಲ ಕಾರಿನ ಫೋಟೋ ಕಳಿಸಿದ್ದೆನಲ್ಲ. ರಿಯಾಜ್ ತಲೆ ಹೊರಗೆ ಹಾಕಿ ಕೂಗಿದ: "ತವರೋರು ಇವರೇ ಕಣ್ರಪ್ಪ! ಅಣ್ಣ ಬಂದವ್ರೆ, ಜಾಗ ಬಿಡಿ!" ಹುಡುಗರು ಒಳಗೆ ಬಗ್ಗಿ ನೋಡಿದರು. ಪೇಪರಿನಿಂದ ಹೊರಗೆ ಬಂದ ಹಸಿರು ಸೀರೆಯ ಸೆರಗು, ಅಪ್ಪನ ಮುಖ. ಆಟೋದ ಮುಂದೆ ಓಡಿಕೊಂಡೇ ಹೋಗಿ ದಾರಿ ಬಿಡಿಸಿದರು.

ಮನೆ ಮುಂದೆ ಎಲ್ಲ ಸಿದ್ಧವಾಗಿತ್ತು. ರಾಹುಕಾಲ ಬಂದೇ ಬಿಟ್ಟಿತ್ತು. ಹಿರಿಯರು ಗಲಾಟೆ ಮಾಡುತ್ತಿದ್ದರು. ಅತ್ತೆಯ ಗಂಡ, ನಮ್ಮ ಮಾವ, ನೆಲದ ಮೇಲೆ ಕೂತು ಚಟ್ಟದ ಬಿದಿರನ್ನು ಎರಡೂ ಕೈಲಿ ಹಿಡಿದುಕೊಂಡಿದ್ದರು. ಯಾರು ಬಂದು ಬಿಡಿಸಿದರೂ ಬಿಟ್ಟಿರಲಿಲ್ಲವಂತೆ. ಅಪ್ಪನನ್ನು ಕಂಡು ಕೈ ಸಡಿಲ ಮಾಡಿದರು.

"ಬಂದ್ಯಾ ಭಾವ? ಎಲ್ರೂ ಎತ್ತು ಎತ್ತು ಅಂತಾವ್ರೆ. ರಾವುಕಾಲ ಇದ್ರೆ ಇರ್ಲಿ, ಅಣ್ಣ ಬರ್ದೆ ಇವ್ಳು ಹೊಂಟಾಳಾ ಅಂದೆ."

ಹೆಂಗಸರು ಹಸಿರು ಸೀರೆ ಹೊದಿಸಿದರು. ಬಳೆ ತೊಡಿಸಿದರು. ಕುಂಕುಮವನ್ನು ಅಪ್ಪನೇ ಇಟ್ಟರು. ಒಂದಿಷ್ಟು ಅತ್ತೆಯ ಮೂಗಿನ ಮೇಲೆ ಉದುರಿತು. ಹೆಗಲ ಟವಲಿನ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿದರು. ಒರೆಸಿದ ಮೇಲೂ ಆ ಕೈ ಅಲ್ಲೇ ಕೆನ್ನೆಯ ಮೇಲಿತ್ತು. ಆ ಮನೆ ಮುಂದೆ ಅಳದೇ ಇದ್ದವರು ಯಾರೂ ಇರಲಿಲ್ಲ, ಅಪ್ಪನೊಬ್ಬರನ್ನು ಬಿಟ್ಟು. ಆಮೇಲೆ ಅವರೇ ಎದ್ದು, "ಎತ್ರಪ್ಪ" ಅಂದರು.

ಹೊಲದ ಬದುವಿನಲ್ಲಿ ಮಣ್ಣಾಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ರಿಯಾಜ್ ದೂರದಲ್ಲಿ ನಿಂತಿದ್ದ. ಅಪ್ಪ ಅವನ ಕಡೆ ನೋಡಿ ತಲೆಯಾಡಿಸಿದರು. ಅವನೂ ಬಂದು ಮಣ್ಣು ಹಾಕಿದ.

ವಾಪಸ್ಸು ಹೊರಡುವಾಗ ಅಪ್ಪ ಮುಂದಿನ ಸೀಟಿಗೆ ಬರಲಿಲ್ಲ. "ನೀನ್ ಮುಂದೆ ಕುಂತ್ಕೊ, ನಾನ್ ಹಿಂದೆ ಕುಂತ್ಕತೀನಿ" ಅಂದರು.

"ಹಿಂದೆ ಹುಳದ ಮೂಟೆ ಕಣಪ್ಪ, ವಾಸ್ನೆ."

"ಗೊತ್ತು ಕಣ್ಲಾ. ಇರ್ಲಿ ಬುಡು."

ಊರು ದಾಟಿ ಸ್ವಲ್ಪ ದೂರ ಬಂದಿರಬಹುದು. ಹಿಂದಿನಿಂದ ಒಂದು ಸದ್ದು ಬಂತು. ಮೊದಲು ಗಾಡಿಯದ್ದೇ ಏನೋ ಅಂದುಕೊಂಡೆ. ಅಪ್ಪ ಅಳುತ್ತಿದ್ದರು. ಬಾಯಿಬಿಟ್ಟು, "ಪುಟ್ಟೀ... ಪುಟ್ಟೀ..." ಎಂದು, ಎಂಬತ್ತರ ಹತ್ತಿರದ ಮುದುಕ. ನಮ್ಮವ್ವ ಹೋದಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ತಿರುಗಿ ನೋಡಲು ಹೊರಟೆ. ರಿಯಾಜ್ ನನ್ನ ತೊಡೆ ಮೇಲೆ ಕೈ ಇಟ್ಟು ಬೇಡ ಎಂದು ತಲೆಯಾಡಿಸಿದ. ಬರುವಾಗ ಆಟೋವನ್ನು ಹಾರಿಸಿಕೊಂಡು ಬಂದವನು ಈಗ ಎತ್ತಿನಗಾಡಿಯ ಹಾಗೆ ಬಿಡುತ್ತಿದ್ದ. ಹಿಂದಿನ ಗಾಡಿಗಳು ಹಾರ್ನ್ ಬಾರಿಸಿ, ಬೈದು, ಪಕ್ಕದಿಂದ ನುಗ್ಗಿ ಹೋದವು. ಅವನು ಎಡಕ್ಕೆ ಸರಿದು ಸರಿದು ದಾರಿ ಕೊಟ್ಟ, ವೇಗ ಮಾತ್ರ ಹೆಚ್ಚಿಸಲಿಲ್ಲ.

ರಾಮನಗರ ಮುಟ್ಟುವಾಗ ದೀಪ ಹತ್ತಿದ್ದವು. ಅಂಗಡಿ ಯಜಮಾನ ಸ್ಟೂಲ್ ಹಾಕಿಕೊಂಡು ಕಾರಿನ ಪಕ್ಕದಲ್ಲೇ ಕೂತಿದ್ದ. ಪದ್ಮ ಪೂಜಾರಪ್ಪನವರನ್ನು ಹುಡುಕಿ, ತನ್ನ ತಮ್ಮನ ಬೈಕಿನಲ್ಲಿ ಕೀ ತಂದು ಆಗಲೇ ಕಾಯುತ್ತಿದ್ದಳು. ಕೀಗೆ ಇನ್ನೂ ಕುಂಕುಮ ಅಂಟಿತ್ತು. ಅಪ್ಪ ಇಳಿದು ನಲ್ಲಿಯಲ್ಲಿ ಮುಖ ತೊಳೆಯಲು ಹೋದಾಗ ನಾನು ರಿಯಾಜ್‌ನನ್ನು ಕೇಳಿದೆ: "ಯಾಕೆ ಭಾಯಿ ಅಷ್ಟು ನಿಧಾನಕ್ಕೆ ಬಂದ್ರಿ? ನಿಮ್ಮ ಕೆಲ್ಸನೂ ಕೆಡ್ತಲ್ಲ."

"ಯಜಮಾನ್ರು ಅಳ್ತಾ ಇದ್ರಲ್ಲ ಸಾರ್" ಅಂದ. "ಬೇಗ ಬಂದ್ಬುಟ್ರೆ ಅರ್ಧದಲ್ಲೇ ನಿಂತೋಗ್ತಿತ್ತು. ಮನೆ ಸೇರ್ಕೊಂಡ್ ಮೇಲೆ ಗಂಡಸ್ರು ಎಲ್ಲಿ ಅಳ್ತಾರೆ ಹೇಳಿ?"

ನಾನು ಜೇಬಿಗೆ ಕೈ ಹಾಕಿದೆ. ಅವನು ಆ ಕೈಯನ್ನು ಅಲ್ಲೇ ಹಿಡಿದು, "ಅದು ಬೇಡ" ಎಂದಷ್ಟೇ ಹೇಳಿ ಗಾಡಿ ಹತ್ತಿದ.

ಊರಿನಲ್ಲಿ ಈಗಲೂ ಅಂತಾರೆ, ಹೊಸ ಕಾರು ಸಾವಿನ ಮನೆ ಮುಟ್ಟಬಾರದು ಅಂತ ಆಂಜನೇಯನೇ ಕೀ ಹಿಡ್ಕೊಂಡ ಎಂದು. ಪೂಜಾರಪ್ಪನವರಂತೂ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ದೇವರಿಗೆ ಅಂಥ ಸಣ್ಣ ಬುದ್ಧಿ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಕಾರು ಇಂದಿಗೂ ನನ್ನ ಹತ್ತಿರವೇ ಇದೆ. ಖರ್ಚು ಬಹಳ, ನಮ್ಮ ರಸ್ತೆಯ ಹಂಪಿಗೆ ಹೊಟ್ಟೆ ಉಜ್ಜಿಕೊಳ್ಳುತ್ತದೆ, ಮಾಗಡಿಯ ಮೆಕ್ಯಾನಿಕ್ಕುಗಳು ಬಾನೆಟ್ ತೆಗೆಯಲು ಹೆದರುತ್ತಾರೆ. ಆದರೂ ಮಾರಲು ಮನಸ್ಸು ಬರುವುದಿಲ್ಲ.

ಆ ಸಂಜೆ ರಾಮನಗರದಿಂದ ಅಪ್ಪನನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹಿಂದಿನ ಸೀಟಿನಲ್ಲಿ ಪದ್ಮ. ಗಾಜು ಇಳಿಸಿದೆ. ಯಾವ ಅವಸರವೂ ಇಲ್ಲದ ಹಾಗೆ ಬಿಟ್ಟೆ, ಲಾರಿಗಳೂ ನನ್ನನ್ನು ಹಿಂದೆ ಹಾಕಿ ಹೋದವು. ಅಪ್ಪ ಬಹಳ ಹೊತ್ತು ಹೊರಗೆ ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ, "ನೋಡ್ದೆ ಕಣ್ಲಾ ನಂಜ. ಮುಖ ನೋಡ್ದೆ" ಅಂದರು. ಆ ರಸ್ತೆಯಲ್ಲಿ ಯಾವಾಗ ಹೋದರೂ ನನ್ನ ಕಾಲು ಇಂದಿಗೂ ತಾನಾಗಿಯೇ ಬ್ರೇಕಿನ ಕಡೆ ಸರಿಯುತ್ತದೆ.